ಕಣ್ಣು ಮೊದಲೋ, ಕೊನೆಗೋ

28 ಮಿಲಿಮೀಟರ್ ಎತ್ತರದ ಮನುಷ್ಯನಿಗೆ ತಲೆ ಒಂದು ಬಿಳಿಜೋಳದ ಕಾಳಿನಷ್ಟಿರುತ್ತದೆ. ಆ ಕಾಳಿನ ಮೇಲೆ ಹುಬ್ಬು, ಮೂಗು, ಗಡ್ಡ, ಕೆಲವರಿಗೆ ಕೋರೆಹಲ್ಲು, ಮತ್ತೆ ಎರಡು ಕಣ್ಣು. ಕಣ್ಣು ಅಂದರೆ ರವೆಯ ಒಂದು ಕಣ. ಅದರಲ್ಲಿ ಮೊದಲು ಬಿಳಿ ತುಂಬಬೇಕು, ಬಿಳಿಯ ನಡುವೆ ಕಪ್ಪು ಚುಕ್ಕೆ ಇಡಬೇಕು, ಎರಡೂ ಕಣ್ಣು ಒಂದೇ ದಿಕ್ಕಿಗೆ ನೋಡುವಂತೆ ನೋಡಿಕೊಳ್ಳಬೇಕು. ಹತ್ತರಲ್ಲಿ ಏಳು ಸಲ ಬಿಳಿ ಕೆನ್ನೆಗೆ ಹರಿಯುತ್ತದೆ, ಕಪ್ಪು ರೆಪ್ಪೆ ದಾಟುತ್ತದೆ. ಅದಕ್ಕೇ ಈ ಗೊಂಬೆಗಳಿಗೆ ಬಣ್ಣ ಹಚ್ಚುವವರಲ್ಲಿ ಅನೇಕರು ಕಣ್ಣನ್ನು ಎಲ್ಲಕ್ಕಿಂತ ಮೊದಲು ಬಿಡಿಸಿ ಮುಗಿಸುತ್ತಾರೆ. ಆಮೇಲೆ ಚರ್ಮದ ಬಣ್ಣ ಹಚ್ಚುವಾಗ, ಹರಿದದ್ದನ್ನೆಲ್ಲ ಸುತ್ತಲಿಂದ ಮುಚ್ಚುತ್ತ ಬಂದರಾಯಿತು. ನಾನೂ ಆ ಪಕ್ಷದವನೇ.

ಗೊಂಬೆ ಅಂದೆ. ಮಕ್ಕಳ ಆಟಿಕೆ ಅಂತ ತಿಳಿಯಬೇಡಿ. ಮೇಜಿನ ಮೇಲೆ ನಕಾಶೆ ಹರಡಿ, ದಾಳ ಉರುಳಿಸಿ ಆಡುವ ಆಟಗಳ ಪಾತ್ರಧಾರಿಗಳು ಇವು. ಇದರ ಮೂಲ ಹುಡುಕುತ್ತ ಹೋದರೆ 1824ರಲ್ಲಿ ಪ್ರಶ್ಯಾದ ರೈಸ್ವಿಟ್ಜ್ ಎಂಬ ಸೇನಾಧಿಕಾರಿ ತನ್ನ ಸೈನ್ಯದವರಿಗೆ ಯುದ್ಧ ಕಲಿಸಲು ರೂಪಿಸಿದ ಆಟ ಸಿಗುತ್ತದೆ. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರನ್ನು ಇಟ್ಟುಕೊಂಡು ಯುದ್ಧದಾಟ ಆಡುವ ನಿಯಮಗಳನ್ನು ಒಂದು ಪುಸ್ತಕವಾಗಿ ಬರೆದ. ರಾಕ್ಷಸರು, ಮಾಂತ್ರಿಕರು, ಕುಬ್ಜರು ಈ ಲೋಕವನ್ನು ಪೂರ್ತಿ ಆಕ್ರಮಿಸಿಕೊಂಡದ್ದು 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ತಂದ ಮೇಲೆ; 1983ರಲ್ಲಿ ಇಂಗ್ಲೆಂಡಿನಿಂದ 'ವಾರ್‌ಹ್ಯಾಮರ್' ಬಂತು. ನನಗೆ ಇದೆಲ್ಲ ಗಂಟುಬಿದ್ದದ್ದು ಹೈದರಾಬಾದಿನಲ್ಲಿ. ಪಿಎಚ್.ಡಿ. ಮಾಡುತ್ತ ಕೂತ ಆರು ಜನ ಶನಿವಾರ ರಾತ್ರಿ ಒಂದು ಬಾಡಿಗೆ ಕೋಣೆಯಲ್ಲಿ ಸೇರಿ ಆಡುತ್ತೇವೆ. ಅಸಲಿ ವಿದೇಶಿ ಗೊಂಬೆಗಳ ಬೆಲೆ ಕೇಳಿದರೆ ಫೆಲೋಶಿಪ್ ನಡುಗುತ್ತದೆ. ಹಾಗಾಗಿ ರೆಸಿನ್‌ನಲ್ಲಿ ತ್ರೀಡಿ ಪ್ರಿಂಟ್ ಮಾಡಿಕೊಡುವವರಿಂದ ತರಿಸುತ್ತೇವೆ, ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಬಣ್ಣ ಹಚ್ಚುತ್ತೇವೆ.

ಗುಂಪಿನಲ್ಲಿ ಎಲ್ಲರೂ ಹಚ್ಚುತ್ತಾರೆ. ಕೆಟ್ಟವು ನನ್ನ ಹತ್ತಿರ ಬರುತ್ತವೆ. ಹೇಗೋ ರಿಪೇರಿಯವನು ಅಂತ ನನಗೊಂದು ಹೆಸರು ಬಿದ್ದುಬಿಟ್ಟಿದೆ. ಕೆಡುವ ಬಗೆಗಳೂ ಬಹಳ ಇಲ್ಲ. ಬಣ್ಣಕ್ಕೆ ನೀರು ಸಾಲದೆ ದಪ್ಪವಾಗಿ ಕೂತು, ಕವಚದ ಕೆತ್ತನೆಯೆಲ್ಲ ಮುಚ್ಚಿಹೋಗುವುದು ಅತಿ ಸಾಮಾನ್ಯ. ಇಲ್ಲವೆಂದರೆ ನೀರು ಹೆಚ್ಚಾಗಿ ಬಣ್ಣ ಗುಂಡಿಗಳಲ್ಲಿ ನಿಂತು, ಒಣಗಿದ ಮೇಲೆ ಚಹಾ ಲೋಟ ಇಟ್ಟ ಗುರುತಿನಂತೆ ಸುತ್ತ ಒಂದು ಅಂಚು ಉಳಿಯುತ್ತದೆ. ರಿಪೇರಿ ಅಂದರೆ ಬಣ್ಣದ ಕೆಲಸಕ್ಕಿಂತ ಹೆಚ್ಚಾಗಿ ಒಂದು ತೀರ್ಮಾನ: ಇದರ ಮೇಲೆ ಇನ್ನೊಂದು ತೆಳು ಪದರ ಹಚ್ಚಿದರೆ ಸಾಕೋ, ಪೂರ್ತಿ ಕೆರೆದು ಮೊದಲಿನಿಂದ ಶುರುಮಾಡಬೇಕೋ. ಕೆಳಗಿನ ಕೆತ್ತನೆ ಇನ್ನೂ ಕಾಣುತ್ತಿದ್ದರೆ ಮುಚ್ಚಬಹುದು. ಕಾಣದಿದ್ದರೆ ಹೊಸ ಪದರ ಅದನ್ನು ಇನ್ನಷ್ಟು ಹೂಳುತ್ತದೆ.

ಹೋದ ಏಪ್ರಿಲ್‌ನಲ್ಲಿ ಅಂಥ ಹನ್ನೆರಡು ಗೊಂಬೆಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿಯ ನಡುವೆ ಮಲಗಿಸಿಕೊಂಡು ಊರಿಗೆ ಹೋದೆ. ಊರು ನಿರ್ಣಾ. ಮೊದಲು ಹುಮನಾಬಾದ್ ತಾಲ್ಲೂಕು, ಈಗ ಚಿಟಗುಪ್ಪ. ಫೆಲೋಶಿಪ್ ಅವಧಿ ಮುಗಿದಿತ್ತು, ಪ್ರಬಂಧದ ಎರಡು ಅಧ್ಯಾಯ ಬಾಕಿ ಇದ್ದವು. ಊರಲ್ಲಿ ಕೂತರೆ ಊಟದ ಖರ್ಚು ಉಳಿಯುತ್ತದೆ ಅನ್ನುವುದೇ ಲೆಕ್ಕ. ಅಪ್ಪನಿಗೂ ನನಗೂ ಮಾತು ಕಡಿಮೆ. ಇದ್ದ ಮಾತು ಒಂದೇ: "ಇನ್ನಾ ಎಷ್ಟ್ ವರ್ಷ ಓದೋದದ?" ಅದಕ್ಕೆ ನನ್ನ ಉತ್ತರವೂ ಒಂದೇ, "ಮುಗೀಲಾಕ ಬಂತು."

ಮೊದಲ ದಿನವೇ ಮನೆಯೆಲ್ಲ ಡೆಟಾಲ್ ವಾಸನೆ. ಅವ್ವ ಅಡುಗೆಮನೆಯಿಂದ ಓಡಿಬಂದಳು. "ಯಾರಿಗಿ ಬಡದದ? ಎಲ್ಲಿ ಬಡದದ?" ಯಾರಿಗೂ ಏನೂ ಆಗಿರಲಿಲ್ಲ. ಅಕ್ರಿಲಿಕ್ ಬಣ್ಣ ಕಿತ್ತು ತೆಗೆಯಲು ಗಾಯಕ್ಕೆ ಹಚ್ಚುವ ಆ ಕಂದು ಡೆಟಾಲ್ ಒಳ್ಳೆಯ ಮದ್ದು. ಇಂಗ್ಲೆಂಡಿನ ಆಟಗಾರರು ಎಷ್ಟೋ ವರ್ಷದಿಂದ ಅದನ್ನೇ ಬಳಸುತ್ತ ಬಂದಿದ್ದಾರೆ. ಉಪ್ಪಿನಕಾಯಿ ಬಾಟಲಿಯಲ್ಲಿ ಡೆಟಾಲ್ ತುಂಬಿ ಗೊಂಬೆಗಳನ್ನು ಮುಳುಗಿಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಬಣ್ಣ ಕೆನೆಯ ಹಾಗೆ ಬಿಟ್ಟುಕೊಂಡು ಬರುತ್ತದೆ. ಒಂದೇ ಷರತ್ತು, ಬಣ್ಣ ಪೂರ್ತಿ ಹೋಗುವವರೆಗೆ ನೀರು ತಾಗಿಸಬಾರದು. ತಾಗಿತೋ, ಬಿಟ್ಟುಕೊಂಡ ಬಣ್ಣ ಬಬ್ಬಲ್‌ಗಮ್ಮಿನಂತೆ ಅಂಟಿಕೊಂಡು ಕೂರುತ್ತದೆ. ಉಜ್ಜುವುದನ್ನೂ ತೊಳೆಯುವುದನ್ನೂ ಡೆಟಾಲ್‌ನಲ್ಲೇ ಮಾಡಿ, ಸೋಪು ನೀರು ಕಟ್ಟಕಡೆಗೆ.

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಬಾಟಲಿಯಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. "ಇದು ದೆವ್ವೇನ್, ಮನಷ್ಯಾನೇನ್?"

"ಓರ್ಕ್ ಅಂತಾರಪಾ. ರಾಕ್ಷಸ ಇದ್ದಂಗ."

"ಬಣ್ಣ ಯಾರ್ ಹಚ್ಚಿದ್ರು? ಗ್ವಾಡಿಗಿ ಸುಣ್ಣ ಬಡದಂಗ ಬಡದಾರ."

ಈ ಮಾತು ಹೇಳುವ ಹಕ್ಕು ಅಪ್ಪನಿಗಿತ್ತು. ಹುಮನಾಬಾದ್, ಚಿಟಗುಪ್ಪ, ಮನ್ನಾಎಖೆಳ್ಳಿ ಕಡೆ ಅಪ್ಪ ಇಪ್ಪತ್ತು ವರ್ಷ ಬೋರ್ಡು ಬರೆದವನು. ಕಿರಾಣಿ ಅಂಗಡಿ, ದವಾಖಾನೆ, ಗೊಬ್ಬರದಂಗಡಿ, ಟ್ರ್ಯಾಕ್ಟರ್ ಟ್ರಾಲಿಯ ಹಿಂಬದಿ. ನಮ್ಮ ಕಡೆ ಒಂದು ಭಾಷೆಯಿಂದ ಪೇಂಟರ್ ಆಗಲಾಗದು. ಕನ್ನಡ ಬರೆಯಬೇಕು, ಮರಾಠಿ ಬರಬೇಕು, ತೆಲುಗು ಕೇಳುವವರಿರುತ್ತಾರೆ, ಉರ್ದು ಅಂತೂ ಬೇಕೇ ಬೇಕು. ಅಪ್ಪನಿಗೆ ಉರ್ದು ಅಕ್ಷರ ಕಲಿಸಿದವರು ಹುಮನಾಬಾದಿನ ಒಬ್ಬ ಉಸ್ತಾದರು. ಓದಲು ಇವತ್ತಿಗೂ ಅಪ್ಪನಿಗೆ ತಡವರಿಕೆಯೇ. ಆದರೆ ಬಲದಿಂದ ಎಡಕ್ಕೆ ಅಕ್ಷರದ ಬಾಲ ಎಳೆಯುವ ಕೈ ಮಾತ್ರ ಉಸ್ತಾದರದೇ ಅಂತ ನೋಡಿದವರು ಹೇಳುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು. ನಮ್ಮ ಮನೆಯ ಇತಿಹಾಸವನ್ನು ಯಾರು ಕೇಳಿದರೂ ಅವ್ವ ಒಂದೇ ಸಾಲಿನಲ್ಲಿ ಹೇಳುತ್ತಾಳೆ: "ಫ್ಲೆಕ್ಸ್ ಬಂದು ನಮ್ಮ ಅನ್ನ ಕಸ್ಕೊಂಡಿತು." 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ಕಿನ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದಾಗ ಅವಳು ಸುದ್ದಿ ಓದಿಸಿ ಕೇಳಿ, "ಇನ್ನ ನಿಮ್ಮಪ್ಪಗ ಕೆಲಸ ಸಿಗ್ತದ" ಅಂದಿದ್ದಳು. ಅಪ್ಪ ಏನೂ ಅನ್ನದೆ ಹೊಲಕ್ಕೆ ಹೋಗಿದ್ದ.

ಕೆರೆದು ಬೆತ್ತಲಾದ ಗೊಂಬೆಗಳಿಗೆ ಪ್ರೈಮರ್ ಹೊಡೆಯಬೇಕಿತ್ತು. ಗ್ಯಾರೇಜಿನವರು ಕಾರಿಗೆ ಹೊಡೆಯುವ ಬೂದು ಸ್ಪ್ರೇ ಡಬ್ಬಿ ತಂದಿದ್ದೆ. ಬೀದರ್ ಜಿಲ್ಲೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಅದನ್ನು ಬಳಸುವಂತಿಲ್ಲ. ಬಿಸಿಲಿಗೆ ಬಣ್ಣದ ಹನಿ ಗೊಂಬೆ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ, ಮೈಮೇಲೆ ಹಿಟ್ಟು ಉದುರಿಸಿದಂತೆ ಕೂರುತ್ತದೆ. ಮಳೆಗಾಲದ್ದು ಬೇರೆ ಕಾಟ, ತೇವಕ್ಕೆ ಮೇಲ್ಮೈ ಮಂಜು ಹಿಡಿದಂತೆ ಬೆಳ್ಳಗಾಗುತ್ತದೆ. ಅಪ್ಪ ಡಬ್ಬಿಯನ್ನು ಅಲುಗಾಡಿಸಿ ಶಬ್ದ ಕೇಳಿ, "ಮುಂಜಾನಿ ಆರಕ್ಕ ಹೊಡಿ" ಅಂದ. ಸ್ಪ್ರೇ ಡಬ್ಬಿ ಅವನು ಬಳಸಿದವನಲ್ಲ, ಆದರೆ ಬಿಸಿಲು ಬಣ್ಣಕ್ಕೆ ಏನು ಮಾಡುತ್ತದೆ ಅನ್ನುವುದು ಗೊತ್ತಿತ್ತು. ಆರು ಗಂಟೆಗೆ ಎದ್ದು ನೋಡಿದರೆ, ಹಳೆಯ ರಟ್ಟಿನ ಡಬ್ಬ ಕತ್ತರಿಸಿ ಗಾಳಿಗೆ ಮರೆ ಮಾಡಿ ಇಟ್ಟಿದ್ದ.

ಅಲ್ಲಿಂದ ಮುಂದೆ ದಿನಾ ಸಂಜೆ ನಾನು ಹಚ್ಚುವುದು, ಅಪ್ಪ ಎದುರಿಗೆ ಸ್ಟೂಲ್ ಹಾಕಿಕೊಂಡು ನೋಡುವುದು. ತಪ್ಪು ತಿದ್ದುವುದರಲ್ಲಿ ಅವನದು ಒಂದೇ ಕಾನೂನು: "ಹಸಿ ಇದ್ದಾಗ ಒರಸು, ಇಲ್ಲಾಂದ್ರ ಪೂರಾ ಒಣಗೂತನ ಬಿಡು. ನಡುವ ಮುಟ್ಟಬ್ಯಾಡ." ಎನಾಮಲ್ ಬಣ್ಣದಲ್ಲಿ ಆ 'ನಡುವೆ' ಅನ್ನುವುದು ಒಂದು ಇಡೀ ರಾತ್ರಿ. ಟರ್ಪೆಂಟೈನ್ ಬಟ್ಟೆ ಹೆಗಲ ಮೇಲೆ ಹಾಕಿಕೊಂಡೇ ಬರೆಯುತ್ತಿದ್ದವನು, ತಕ್ಷಣ ಒರೆಸದಿದ್ದರೆ ನಾಳೆ ಬಾ. ಅಕ್ರಿಲಿಕ್‌ನಲ್ಲಿ ಆ ನಡುವೆ ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಕುಂಚ ತಾಗಿದರೆ ಅರ್ಧ ಒಣಗಿದ ಪೊರೆ ಹರಿದು ಕೆಳಗಿನ ಬೂದು ಕಾಣುತ್ತದೆ. "ಐದ್ ಮಿನಟ್ ಕುಂದ್ರಲಾಕ ಆಗಂಗಿಲ್ಲೇನ್ ನಿಮ್ಮ ಮಂದಿಗಿ?" ಅಂತ ಅಪ್ಪ ನನ್ನ ಗೆಳೆಯರ ಬಗ್ಗೆ ಕೇಳಿದ. ಪಿಎಚ್.ಡಿ. ಮಾಡುವವರು ಐದಾರು ವರ್ಷ ಕೂರುತ್ತಾರೆ, ಐದು ನಿಮಿಷ ಕಷ್ಟ ಅಂದೆ. ಈ ವಿಷಯದಲ್ಲಿ ಅಪ್ಪ ನಕ್ಕದ್ದು ಅದೇ ಮೊದಲು.

ಬಿದ್ರಿ ಕೆಲಸದ ಮಾತು ಬಂತು. ಬೀದರಿನಿಂದ ಬಂದವರು ಬಿದ್ರಿಯ ಹೆಸರೆತ್ತದೆ ಇರುವುದುಂಟೇ! ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈಲುತುತ್ತದ ನೀರಿನಿಂದ ಮೇಲ್ಮೈಯನ್ನು ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಉಳಿಯಿಂದ ಬಳ್ಳಿ ಹೂವು ಕೊರೆದು, ಕೊರೆದ ಜಾಗಕ್ಕೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ, ಪಾತ್ರೆ ಬಿಸಿ ಮಾಡಿ ಉಜ್ಜಿದರೆ ಲೋಹ ಕರ್ರಗಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಊರಲ್ಲಿ ಅಪ್ಪನಷ್ಟು ಸಂತೋಷಪಟ್ಟವರು ಯಾರೂ ಇರಲಿಲ್ಲ. ಅಪ್ಪನ ಪ್ರಕಾರ ಅದು ಮೇಲಿನ ಕೆಲಸ, ಬಣ್ಣದ್ದು ಕೆಳಗಿನ ಕೆಲಸ. "ಅಲ್ಲಿ ಉಳಿ ಜಾರಿದ್ರ ಮ್ಯಾಲೆ ಬಳಿಲಾಕ ಬರಂಗಿಲ್ಲ." ನನಗೆ ಈ ಮೇಲು ಕೀಳು ಒಪ್ಪಿಗೆಯಿಲ್ಲ. ತಿದ್ದಲು ಬರುತ್ತದೆ ಅನ್ನುವುದೇ ಬಣ್ಣದವನಿಗೆ ಹೊಸ ತಲೆನೋವು, ಎಲ್ಲಿ ನಿಲ್ಲಿಸಬೇಕು ಅಂತ ಅವನೇ ನಿರ್ಧರಿಸಬೇಕಾಗುತ್ತದೆ. ಹೇಳಿದೆ. ಒಪ್ಪಲಿಲ್ಲ.

ನಿಜವಾದ ಜಗಳ ಆದದ್ದು ಕಣ್ಣಿನ ಮೇಲೆ. ಮೊದಲ ಓರ್ಕ್‌ಗೆ ಬೂದು ಬಣ್ಣ ಒಣಗಿದ ಕೂಡಲೇ ನಾನು ಕಣ್ಣು ಬಿಡಿಸಲು ಕೂತೆ. ಅಪ್ಪ ನನ್ನ ಮಣಿಕಟ್ಟು ಹಿಡಿದ.

"ಮೈ ಇಲ್ಲ, ಮಾರಿ ಇಲ್ಲ, ಮೊದಲ ಕಣ್ಣೇನ್? ಕಣ್ಣ ಕಡೀಕ."

ಹರಿದರೆ ಸುತ್ತ ಮುಚ್ಚಬಹುದು ಅಂತ ವಿವರಿಸಿದೆ. ತಲೆಯಾಡಿಸಿದ. ದೇವರ ಮೂರ್ತಿಗೆ ಕಣ್ಣು ಬಿಡಿಸುವುದು ಕೊನೆಗೆ, ಅದಕ್ಕೇ ಪೂಜೆ ಇದೆ, ನೇತ್ರೋನ್ಮೀಲನ ಅನ್ನುತ್ತಾರೆ, ಅದು ನನಗೂ ಗೊತ್ತು. ಆದರೆ ಅಪ್ಪ ಶಾಸ್ತ್ರದ ಕಾರಣ ಕೊಡಲಿಲ್ಲ. ಟ್ರಾಲಿಗಳ ಹಿಂದೆ ಬಸವಣ್ಣನನ್ನೂ ಹುಲಿಯನ್ನೂ ಬರೆದವನ ಕಾರಣ ಕೊಟ್ಟ: "ಮೊದಲೇ ಕಣ್ಣ ತಗದ್ರ, ನೀ ಮಾಡೋ ತಪ್ಪೆಲ್ಲಾ ಅದು ನೋಡ್ಕೋತ ಕುಂದರ್ತದ."

ನನಗೆ ಕಿನ್ನಾಳ ನೆನಪಾಯಿತು. ಎರಡು ವರ್ಷದ ಹಿಂದೆ ಹಂಪಿಗೆ ಒಂದು ವಿಚಾರ ಸಂಕಿರಣಕ್ಕೆ ಹೋದಾಗ, ಬಿಡುವು ಮಾಡಿಕೊಂಡು ಕೊಪ್ಪಳದ ಹತ್ತಿರದ ಆ ಊರಿಗೆ ಹೋಗಿದ್ದೆ. ಚಿತ್ರಗಾರರ ಮನೆಗಳು. ಹಂಪಿಯ ವಿರೂಪಾಕ್ಷ ದೇವಸ್ಥಾನದ ಛಾವಣಿಯ ಚಿತ್ರಗಳನ್ನು ಬರೆದದ್ದು ತಮ್ಮ ಹಿರಿಯರೇ ಎಂಬ ನಂಬಿಕೆ ಅವರಲ್ಲಿದೆ. ಹಗುರ ಮರದಲ್ಲಿ ಕೈ, ಕಾಲು, ರೆಕ್ಕೆ ಬೇರೆ ಬೇರೆ ಕೆತ್ತಿ ಜೋಡಿಸುತ್ತಾರೆ. ಗರುಡನಿಗೆ 12 ತುಂಡು, ಸಿಂಹಾಸನದ ಮೇಲೆ ಕೂತ ಗಣಪನಿಗೆ 22. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸಿದರೆ 'ಕಿಟ್ಟ'. ಅದನ್ನು ಕೈಯಿಂದ ಮೈಗೆಲ್ಲ ಸವರಿ, ಮೇಲೆ ಹತ್ತಿ ಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಸರಿ ಬಳಿದು, ಆಮೇಲೆ ಬಣ್ಣ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಡವೆ. ಹಾರ, ತೋಳಬಂದಿ, ಕಿರೀಟದ ಮಣಿ ಯಾವುದೂ ಮರದಲ್ಲಿ ಕೆತ್ತಿದ್ದಲ್ಲ. ಕಲ್ಲಿನ ಪುಡಿಗೆ ಅಂಟು ಬೆರೆಸಿದ ಸರಿಯಿಂದ ಮೇಲೆ ಉಬ್ಬಿಸಿ ಬರೆದದ್ದು. ನಮ್ಮ ಮಿನಿಯೇಚರ್‌ಗಳಲ್ಲಿ ಪ್ರತಿ ಪದರವೂ ಕೆತ್ತನೆಯನ್ನು ಸ್ವಲ್ಪ ನುಂಗುತ್ತದೆ, ನಾವು ಪದರಕ್ಕೆ ಹೆದರುತ್ತೇವೆ. ಅಲ್ಲಿ ಕೆತ್ತನೆ ಅನ್ನುವುದು ಪದರದಿಂದಲೇ ಹುಟ್ಟುತ್ತದೆ. ಇದನ್ನು ಅಪ್ಪನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ: "ಅವ್ರು ಕಣ್ಣ ಯಾವಾಗ ಬರೀತಾರ?" ನಾನು ನೋಡಿದ ಮನೆಯಲ್ಲಿ ಸಾಲಾಗಿ ಒಣಗಲು ಇಟ್ಟಿದ್ದ ಗೊಂಬೆಗಳಿಗೆ ಸೀರೆಯ ಅಂಚಿನವರೆಗೂ ಬಣ್ಣ ಮುಗಿದಿತ್ತು, ಕಣ್ಣಿರಲಿಲ್ಲ. ಅಪ್ಪ ಕೈ ಬಿಟ್ಟ.

ಕೊನೆಗೆ ಆರು ಗೊಂಬೆಗೆ ನನ್ನ ಕ್ರಮ, ಆರಕ್ಕೆ ಅವನ ಕ್ರಮ ಅಂತ ಒಪ್ಪಂದವಾಯಿತು. ಹಾಗಾದರೆ ನೀನೇ ಆರು ಹಚ್ಚು ಅಂದೆ. ಕುಂಚ ಕೊಟ್ಟೆ. ತೆಗೆದುಕೊಳ್ಳಲಿಲ್ಲ. ಮತ್ತೆ ಮುಂದೆ ಹಿಡಿದೆ. ತೆಗೆದುಕೊಂಡ.

ಕುಂಚದ ತುದಿ ನಡುಗುತ್ತಿತ್ತು. ಚಹಾ ಲೋಟ ಹಿಡಿದಾಗ ನಾವೆಲ್ಲ ನೋಡಿದ ನಡುಕವೇ, ವಯಸ್ಸಾಯಿತು ಅಂತ ಬಿಟ್ಟದ್ದು. ಆದರೆ ಲೋಟದ ಅಳತೆಯಲ್ಲಿ ಅದು ಅಷ್ಟು ಕಾಣುವುದಿಲ್ಲ. 28 ಮಿಲಿಮೀಟರಿನ ಪಕ್ಕದಲ್ಲಿ ಕುಂಚ ಓರ್ಕ್‌ನ ಭುಜದಿಂದ ಸೊಂಟದವರೆಗೆ ಓಡಾಡುತ್ತಿತ್ತು. ಅಪ್ಪ ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದ, ಕಿರುಬೆರಳನ್ನು ಮೇಜಿಗೆ ಊರಿದ. ಹಳೆಯ ಪೇಂಟರುಗಳ ಹಾಗೆ ಕೋಲಿನ ಮೇಲೆ ಕೈ ಇಡಲು ಒಂದು ಅಳತೆಪಟ್ಟಿಯನ್ನೂ ಅಡ್ಡ ಇಟ್ಟುಕೊಂಡ. ನಿಲ್ಲಲಿಲ್ಲ. ಕುಂಚ ಕೆಳಗಿಟ್ಟು ಹೊರಗೆ ಹೋದ.

ಮಾರನೆಯ ದಿನ ನಾನು ಬೇರೆ ಕುಂಚ ಕೊಟ್ಟೆ, ಅಗಲದ್ದು, ಕೂದಲು ಕೆದರಿದ್ದು. ಡ್ರೈಬ್ರಷ್ ಅಂತ ಒಂದು ಪದ್ಧತಿ ಇದೆ. ಕುಂಚಕ್ಕೆ ತಿಳಿ ಬಣ್ಣ ಹಚ್ಚಿ, ಬಟ್ಟೆಗೆ ಒರೆಸಿ ಒರೆಸಿ ಬಣ್ಣವೇ ಇಲ್ಲ ಅನ್ನುವ ಹಾಗೆ ಮಾಡಿ, ಗೊಂಬೆಯ ಮೇಲೆ ಬೇಗ ಬೇಗ ಆಡಿಸುವುದು. ಉಬ್ಬಿದ ಜಾಗಕ್ಕಷ್ಟೇ ಬಣ್ಣ ಹಿಡಿಯುತ್ತದೆ, ತಗ್ಗು ಕಪ್ಪಾಗಿಯೇ ಉಳಿಯುತ್ತದೆ. ತುಪ್ಪಳ, ಸರಪಳಿ ಅಂಗಿ, ಕಲ್ಲು ಎಲ್ಲಕ್ಕೂ ಅದೇ. ಅದಕ್ಕೆ ನಿಂತ ಕೈ ಬೇಕಾಗಿಲ್ಲ, ಆಡುವ ಕೈಯೇ ಬೇಕು. ಅಪ್ಪ ಎರಡು ಸಲ ಬಟ್ಟೆಯ ಮೇಲೆ, ಒಂದು ಸಲ ತನ್ನ ಉಗುರಿನ ಮೇಲೆ ನೋಡಿ, ಓರ್ಕ್‌ನ ತೋಳದ ಚರ್ಮದ ಹೊದಿಕೆಯ ಮೇಲೆ ಆಡಿಸಿದ. ಕೂದಲು ಒಂದೊಂದೂ ಎದ್ದು ಬಂತು. ಆಮೇಲೆ ನೀರು ಮಾಡಿದ ಕಂದು ಬಣ್ಣ ಸುರಿದು, ಅದು ತಾನಾಗಿ ಗೆರೆಗಳಿಗೆ ಇಳಿಯುವುದನ್ನು ನೋಡುತ್ತ, ಎಲ್ಲಿ ನಿಲ್ಲುತ್ತದೋ ಅಲ್ಲಿ ಒದ್ದೆ ಕುಂಚದಿಂದ ಹೀರಿ ತೆಗೆದ. ಆ ವಾರ ಹನ್ನೆರಡೂ ಗೊಂಬೆಗಳ ಕಬ್ಬಿಣ, ಚರ್ಮ, ತುಪ್ಪಳ ಅಪ್ಪನದು. ಕೊನೆಕೊನೆಗೆ ನಾನು ಅಧ್ಯಾಯ ಬರೆಯುತ್ತ ಕೂತಿದ್ದರೂ ಅವನ ಕೆಲಸ ನಡೆದಿರುತ್ತಿತ್ತು.

ಒಂದು ಸಂಜೆ, ಕರೆಂಟ್ ಹೋಗಿ ಕೆಲಸ ನಿಂತಾಗ, ಕೇಳದೆಯೇ ಹೇಳಿದ. ಫ್ಲೆಕ್ಸ್ ಬಂದ ಮೇಲೂ ನಾಲ್ಕೈದು ವರ್ಷ ಬೋರ್ಡು ಬರುತ್ತಲೇ ಇದ್ದವಂತೆ. ಹಳೆಯ ಗಿರಾಕಿಗಳು ಬಿಟ್ಟಿರಲಿಲ್ಲ. ಕೊನೆಯದು ಒಂದು ಗೊಬ್ಬರದಂಗಡಿಯದು. ಸುಣ್ಣದ ದಾರ ಬಡಿದು ಗೆರೆ ಹಾಕಿಕೊಂಡೇ ಬರೆದದ್ದು, ಆದರೂ ಅಕ್ಷರದ ಕೆಳಗಿನ ಉದ್ದ ಗೆರೆ ಅಲೆಯಾಯಿತು. ಒರೆಸಿದ. ಮತ್ತೆ ಅಲೆಯಾಯಿತು. ಮೂರನೆಯ ಸಲ ಒರೆಸಲಿಲ್ಲ. ಆ ಅಲೆಗೆ ಎಲೆ ಹಚ್ಚಿ, ಹೂವು ಹಚ್ಚಿ, ಬೋರ್ಡಿನ ಸುತ್ತ ಬಳ್ಳಿ ಹಬ್ಬಿಸಿದ. ಗಿರಾಕಿಗೆ ಭಾಳ ಖುಷಿ, ನೂರು ರೂಪಾಯಿ ಜಾಸ್ತಿ ಕೊಟ್ಟ. "ಎಲ್ಲಾ ಬೋರ್ಡಿಗಿ ಬಳ್ಳಿ ಹಚ್ಚಲಾಕ ಬರ್ತದೇನ್?" ಅಂದ ಅಪ್ಪ, ಕತ್ತಲಲ್ಲಿ. ಅಡುಗೆಮನೆಯಲ್ಲಿ ಅವ್ವ ಬೆಂಕಿಕಡ್ಡಿ ಗೀರುವುದು ಕೇಳಿಸಿತು. ಅವಳಿಗೆ ಗೊತ್ತೇನಪಾ ಅಂತ ಮೆಲ್ಲಗೆ ಕೇಳಿದೆ. "ಫ್ಲೆಕ್ಸ್ ಅಂತ ಅಂದ್ಕೊಂಡಾಳ. ಇರ್ಲಿ."

ಹನ್ನೊಂದು ಗೊಂಬೆಗಳನ್ನು ಹೈದರಾಬಾದಿಗೆ ತಂದೆ. ಗೆಳೆಯರು ತಮ್ಮ ತಮ್ಮವನ್ನು ಗುರುತು ಹಿಡಿಯಲು ಹೊತ್ತು ಹಿಡಿಯಿತು. ಕಣ್ಣು ಮೊದಲು ಮಾಡಿದ ಆರು ಯಾವುವು, ಕೊನೆಗೆ ಮಾಡಿದ ಐದು ಯಾವುವು ಅಂತ ಅವರಿಗೆ ಹೇಳಲಾಗಲಿಲ್ಲ. ನನಗೆ ಹೇಳಬಲ್ಲೆ. ಕೊನೆಗೆ ಮಾಡಿದವುಗಳಲ್ಲಿ ಒಂದರ ರೆಪ್ಪೆಯ ಮೇಲೆ ಕೂದಲೆಳೆಯಷ್ಟು ಬಿಳಿ ಉಳಿದಿದೆ, ಸುತ್ತಲಿನ ಬಣ್ಣ ಮುಗಿದುಹೋಗಿದ್ದರಿಂದ ಅದನ್ನು ತಿದ್ದಲಾಗಲಿಲ್ಲ. ಆಟದಲ್ಲಿ ಅದೇ ಓರ್ಕ್ ಮೂರು ಶನಿವಾರವಾದರೂ ಸತ್ತಿಲ್ಲ.

ಹನ್ನೆರಡನೆಯದು ನಿರ್ಣಾದಲ್ಲೇ ಇದೆ, ಟಿವಿಯ ಪಕ್ಕ, ಪೂರ್ತಿ ಬಣ್ಣವಾಗಿ, ಕಣ್ಣಿಲ್ಲದೆ. ಅದರ ಕಣ್ಣು ತಾನೇ ಬಿಡಿಸುತ್ತೇನೆ, ನೀನು ಮುಟ್ಟಬೇಡ ಅಂತ ಅಪ್ಪ ಇಟ್ಟುಕೊಂಡ. ನರರೋಗದ ಡಾಕ್ಟರಿಗೆ ತೋರಿಸಲು ಹೈದರಾಬಾದಿಗೆ ಬಾ ಅಂತ ಎರಡು ಸಲ ಫೋನ್ ಮಾಡಿದ್ದೇನೆ. ತೊಗರಿ ಬಿತ್ತನೆ ಮುಗಿಯಲಿ ಅನ್ನುತ್ತಾನೆ. ಹೋದ ವಾರ ತಾನೇ ಫೋನ್ ಮಾಡಿದ. ಓದು ಎಲ್ಲಿಗೆ ಬಂತು ಅಂತ ಕೇಳಲಿಲ್ಲ. ಬರುವಾಗ ಮೂರು ಸೊನ್ನೆಯ ಕುಂಚ ಬೇಡ, ಅದರಲ್ಲಿ ಬಣ್ಣ ತುದಿಗೆ ಬರುವುದರೊಳಗೆ ಒಣಗುತ್ತದೆ, ಒಂದನೇ ನಂಬರಿನದು ತಾ, ತುದಿ ಚೂಪಾಗಿರಬೇಕು, ಅಂಗಡಿಯಲ್ಲಿ ನೀರಲ್ಲಿ ಅದ್ದಿ ನೋಡಿಯೇ ತಗೋ ಅಂದ.